ಬಾಗಿಲಲ್ಲಿ ಬಿಟ್ಟ ಚಪ್ಪಲಿ: ಶುಗರ್ ಇರುವವರ ಪಾದದ ಕುರಿತು ಒಂದು ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಕೊಡಗು ಜಿಲ್ಲೆ, ಮಡಿಕೇರಿ.

ಪ್ರತಿ: ಕಾಫಿ ತೋಟಗಳ ಮಾಲೀಕರಿಗೆ, ರೈಟರುಗಳಿಗೆ (ತೋಟದ ಮೇಲ್ವಿಚಾರಕರಿಗೆ), ಮತ್ತು ಶುಗರ್ ಇರುವವರ ಮನೆಯವರಿಗೆ.

ಮಾನ್ಯರೇ,

ಶುಗರ್ ಮಾತ್ರೆ ಕೊಡುವ ದಿನ ಬೆಳಿಗ್ಗೆ ಯಾವುದಾದರೂ ಆರೋಗ್ಯ ಕೇಂದ್ರದ ಬಾಗಿಲಲ್ಲಿ ಐದು ನಿಮಿಷ ನಿಲ್ಲಿ. ಒಳಗೆ ಹೋಗಬೇಕಾಗಿಲ್ಲ, ಹೊರಗೆ ಬಿಟ್ಟ ಚಪ್ಪಲಿಗಳನ್ನು ನೋಡಿದರೆ ಸಾಕು. ಒಂದು ಹವಾಯಿಯ ಬಾರು ಕಿತ್ತಿದೆ, ಜಾರದಂತೆ ಅಡಿಯಿಂದ ಸೇಫ್ಟಿ ಪಿನ್ ಸಿಕ್ಕಿಸಿದ್ದಾರೆ. ಇನ್ನೊಂದರ ಹಿಮ್ಮಡಿ ಸವೆದು ಹಪ್ಪಳದಷ್ಟು ತೆಳುವಾಗಿದೆ. ಮತ್ತೊಂದರಲ್ಲಿ ಹೆಬ್ಬೆರಳ ಬುಡ ಕೂರುವ ಜಾಗದಲ್ಲಿ ಮಾತ್ರ ರೂಪಾಯಿ ನಾಣ್ಯದಗಲದ ಗುಳಿ. ಆ ಗುಳಿಯ ಮೇಲೆ ದಿನವೆಲ್ಲ ಕೂರುವ ಚರ್ಮ ಹೇಗಿರಬಹುದು ಎಂಬುದನ್ನು ಚಪ್ಪಲಿಯೇ ಹೇಳುತ್ತಿದೆ. ಒಳಗೆ ಬಿಪಿ ನೋಡುತ್ತಾರೆ, ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ, ತಿಂಗಳ ಮಾತ್ರೆ ಎಣಿಸಿ ಕೊಡುತ್ತಾರೆ. ಎದುರಿಗೆ ಬರಿಗಾಲಲ್ಲೇ ಕೂತವರಿಗೆ "ಕಾಲೆತ್ತಿ, ಅಂಗಾಲು ನೋಡೋಣ" ಎನ್ನುವವರು ಬಹಳ ಕಡೆ ಇಲ್ಲ.

ದೇವಸ್ಥಾನದಲ್ಲಿ ಚಪ್ಪಲಿ ಬಿಡುತ್ತೇವೆ, ಐನ್‌ಮನೆಯ, ಅಂದರೆ ಕುಲದ ಹಿರಿಮನೆಯ ಮೆಟ್ಟಿಲಲ್ಲಿ ಬಿಡುತ್ತೇವೆ, ಆಸ್ಪತ್ರೆಯಲ್ಲೂ ಬಿಡುತ್ತೇವೆ. ಬಿಟ್ಟ ಮೇಲೆ ಕಾಲನ್ನು ನೋಡುವುದೊಂದೇ ಬಾಕಿ. ನಮ್ಮ ಕೋರಿಕೆ ಇಷ್ಟೇ: ಮೇ ತಿಂಗಳು ಮುಗಿಯುವುದರೊಳಗೆ, ಮಳೆ ಹಿಡಿಯುವ ಮೊದಲು, ಜಿಲ್ಲೆಯ ಐದೂ ತಾಲ್ಲೂಕುಗಳಲ್ಲಿ ಶುಗರ್ ಎಂದು ದಾಖಲಾಗಿರುವ ಪ್ರತಿಯೊಬ್ಬರ ಎರಡೂ ಪಾದಗಳನ್ನು ಒಮ್ಮೆ ಪರೀಕ್ಷಿಸಿ, ಸ್ಪರ್ಶ ಇದೆಯೋ ಇಲ್ಲವೋ ಎಂದು ಅವರ ಕಾರ್ಡಿನಲ್ಲಿ ಬರೆಸಿ.

ಮೇ ತಿಂಗಳೇ ಏಕೆ ಎಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕಾಲು ಒಣಗುವುದೇ ಇಲ್ಲ. ಕಕ್ಕಡ ಮಾಸದಲ್ಲಿ (ಜುಲೈ-ಆಗಸ್ಟ್) ನಾಟಿಗೆ ಇಳಿದವರು ಇಡೀ ದಿನ ಕೆಸರಿನಲ್ಲಿ, ತೋಟದವರು ಇಡೀ ದಿನ ಗಂಬೂಟಿನೊಳಗಿನ ಬೆವರಿನಲ್ಲಿ. ಬೆರಳ ಸಂದು ಬೆಳ್ಳಗಾಗಿ ನೆನೆದು ಬಿರಿಯುತ್ತದೆ, ಕೆಸರುಹುಣ್ಣಾಗುತ್ತದೆ. ಬೇರೆಯವರಿಗೆ ಅದು ಮುಲಾಮು ಹಚ್ಚಿ ಮರೆಯುವ ಕಿರಿಕಿರಿ. ಶುಗರ್‌ನಿಂದ ಸ್ಪರ್ಶ ಕಳೆದುಕೊಂಡವರಲ್ಲಿ ಅದೇ ಬಿರುಕು ಕೀವಿಗೆ ದಾರಿ. ಗಾಯ ಕೆಟ್ಟು ರಕ್ತನಾಳದ ಶಸ್ತ್ರಚಿಕಿತ್ಸೆ ಬೇಕೆಂದಾದರೆ ಹೆಚ್ಚಿನವರು ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೋ, ಘಾಟಿ ಇಳಿದು ಮಂಗಳೂರಿಗೋ ಹೋಗಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮಂಗಳೂರು ರಸ್ತೆಯೇ ಮುಚ್ಚಿಹೋಗಿದ್ದು ಯಾರಿಗೂ ಮರೆತಿಲ್ಲ. ಜುಲೈನಲ್ಲಿ ಕಾಲು ಕೆಟ್ಟರೆ ಇಲ್ಲಿ ದೂರವೂ ಹೆಚ್ಚು, ಸಮಯವೂ ಕಡಿಮೆ.

ನೋವಿಲ್ಲ ಎಂಬುದೇ ಇಲ್ಲಿನ ಮೋಸ. ಸಕ್ಕರೆ ವರ್ಷಗಟ್ಟಲೆ ಏರುಪೇರಾದಾಗ ಪಾದದ ನರಗಳು ಕೆಡುತ್ತವೆ. ಮೊದಲು ರಾತ್ರಿ ಹೊತ್ತು ಉರಿ, ಜುಮ್ಮೆನ್ನುವುದು, ಇರುವೆ ಹರಿದಂತೆ ಆಗುವುದು. ಆಮೇಲೆ ಉರಿ ತಾನಾಗಿ ನಿಲ್ಲುತ್ತದೆ, "ವಾಸಿಯಾಯಿತು" ಎಂದುಕೊಳ್ಳುತ್ತಾರೆ. ಎಷ್ಟೋ ಸಲ ನರ ಪೂರ್ತಿ ಸುಮ್ಮನಾಗಿರುತ್ತದೆ ಅಷ್ಟೆ. ಬೆವರಿನ ನರ ಕೆಟ್ಟು ಚರ್ಮ ಒಣಗಿ ಹಿಮ್ಮಡಿ ಒಡೆಯುತ್ತದೆ. ಸ್ನಾಯುವಿನ ನರ ಕೆಟ್ಟು ಬೆರಳುಗಳು ಕೊಕ್ಕೆಯಂತೆ ಮಡಚಿ, ಮೈಭಾರವೆಲ್ಲ ಬೆರಳ ಬುಡದ ಮೂಳೆಯ ಮೇಲೆ ಬೀಳುತ್ತದೆ. ಅಲ್ಲಿ ಚರ್ಮ ದಪ್ಪಗಟ್ಟಿ ಆಣಿಯಾಗುತ್ತದೆ, ಆಣಿಯೇ ಚಪ್ಪಲಿಯೊಳಗೆ ಸಿಕ್ಕ ಕಲ್ಲಿನಂತೆ ಒಳಮಾಂಸವನ್ನು ಒತ್ತುತ್ತದೆ. ಆಣಿಯ ನಡುವೆ ಕಪ್ಪು ಅಥವಾ ಕಂದು ಚುಕ್ಕೆ ಕಂಡರೆ ಒಳಗೆ ರಕ್ತ ಸೋರಿದೆ ಎಂದರ್ಥ, ಮೇಲೆ ಚರ್ಮ ಒಡೆಯದಿದ್ದರೂ ಅದನ್ನು ಹುಣ್ಣು ಎಂದೇ ಲೆಕ್ಕ ಹಿಡಿಯಬೇಕು. ಬೀಡಿ, ಸಿಗರೇಟಿನ ಅಭ್ಯಾಸವಿದ್ದರೆ ರಕ್ತನಾಳವೂ ಕಿರಿದಾಗಿರುತ್ತದೆ, ಆಗ ಗಾಯ ಮಾಯುವುದಕ್ಕೆ ಬೇಕಾದ ರಕ್ತವೇ ಅಲ್ಲಿಗೆ ತಲುಪುವುದಿಲ್ಲ. (ಹಲವು ವರ್ಷ ಮೆಟ್ಫಾರ್ಮಿನ್ ಎಂಬ ಶುಗರ್ ಮಾತ್ರೆ ನುಂಗುವವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಿಯೂ ಕಾಲು ಜೋಮು ಹಿಡಿಯುವುದುಂಟು. ಎಲ್ಲವನ್ನೂ ಶುಗರ್ ತಲೆಗೆ ಕಟ್ಟುವ ಮೊದಲು ಆ ರಕ್ತಪರೀಕ್ಷೆಯನ್ನೂ ಮಾಡಿಸುವುದು ಒಳ್ಳೆಯದು.)

ಸ್ಪರ್ಶ ಪರೀಕ್ಷೆಗೆ ಯಂತ್ರ ಬೇಡ. ಆಶಾ ಕಾರ್ಯಕರ್ತೆಯರು ಮನೆಯಲ್ಲೇ ಮಾಡಬಹುದಾದ ವಿಧಾನ ಒಂದಿದೆ. ಕೂತವರು ಕಣ್ಣು ಮುಚ್ಚಿಕೊಳ್ಳಲಿ. ಪರೀಕ್ಷಿಸುವವರು ತೋರುಬೆರಳ ತುದಿಯಿಂದ ಬಲಗಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು, ಸವರಬಾರದು. ಎಡಗಾಲಿನಲ್ಲೂ ಹಾಗೆಯೇ. ಒಟ್ಟು ಆರು ಜಾಗ. ಎರಡು ಅಥವಾ ಹೆಚ್ಚು ಜಾಗದಲ್ಲಿ ತಿಳಿಯದಿದ್ದರೆ ಆ ಕಾಲಿಗೆ ಕಾವಲು ಬೇಕು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: "ಈಗ ಮುಟ್ಟಿದೆ, ಗೊತ್ತಾಯ್ತಾ?" ಎಂದು ಪ್ರತಿ ಸಲ ಕೇಳುವುದು. ಹಾಗೆ ಕೇಳಿದರೆ ಮರ್ಯಾದೆಗಾದರೂ "ಹ್ಞೂಂ" ಎನ್ನುತ್ತಾರೆ. ಮುಟ್ಟಿದಾಗ ಎಡವೋ ಬಲವೋ ಎಂದು ಅವರೇ ಹೇಳುವಂತೆ ಮೊದಲೇ ತಿಳಿಸಿರಬೇಕು.

ಆರೋಗ್ಯ ಕೇಂದ್ರದಲ್ಲಿ 10 ಗ್ರಾಂ ಒತ್ತಡದ ನೈಲಾನ್ ಎಳೆ, ಅಂದರೆ ಮೊನೊಫಿಲಮೆಂಟ್ ಇರಲಿ. ಹೆಬ್ಬೆರಳ ಅಡಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ: ಈ ಮೂರು ಜಾಗದಲ್ಲಿ ಎಳೆ ಬಾಗುವಷ್ಟು ಮಾತ್ರ ಒತ್ತಿ, ಎರಡು ಸೆಕೆಂಡಿನೊಳಗೆ ತೆಗೆಯಬೇಕು. ಒಂದೊಂದು ಜಾಗಕ್ಕೂ ಮೂರು ಸಲ ಕೇಳಬೇಕು, ಅದರಲ್ಲಿ ಒಂದು ಸಲ ಮುಟ್ಟದೆಯೇ ಕೇಳಬೇಕು. ಆಣಿಯ ಮೇಲೆ ಒತ್ತಿದರೆ ಉತ್ತರ ತಪ್ಪಾಗುತ್ತದೆ, ಪಕ್ಕಕ್ಕೆ ಸರಿಯಬೇಕು. ಒಂದೇ ಎಳೆಯಲ್ಲಿ ಒಂದೇ ದಿನ ಬಹಳ ಜನರನ್ನು ನೋಡಿದರೆ ಅದು ಸೋತು, ಒತ್ತಡ ಕಡಿಮೆಯಾಗುತ್ತದೆ. ಕೇಂದ್ರಕ್ಕೆ ಎರಡು ಎಳೆ ಕೊಟ್ಟರೆ ಒಂದು ದುಡಿಯುವಾಗ ಇನ್ನೊಂದು ವಿಶ್ರಾಂತಿ ಪಡೆಯುತ್ತದೆ.

ಈ ಕೆಲಸ ನಿಮ್ಮ ಇಲಾಖೆಗೆ ತೀರ ಹೊಸದೂ ಅಲ್ಲ. 30 ವರ್ಷ ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ತುಂಬುವ, ಕಾಯಿಲೆಯ ಅಪಾಯ ಗುರುತಿಸುವ ಸಿಬ್ಯಾಕ್ ನಮೂನೆಯಲ್ಲಿ ಅಂಗೈ, ಅಂಗಾಲು ಜುಮ್ಮೆನ್ನುತ್ತದೆಯೇ, ಅಲ್ಲಿ ಮತ್ತೆ ಮತ್ತೆ ಹುಣ್ಣಾಗುತ್ತದೆಯೇ ಎಂಬ ಪ್ರಶ್ನೆಗಳಿವೆ. ಅವು ಕುಷ್ಠರೋಗ ಪತ್ತೆಗೆಂದು ಇರುವ ಪ್ರಶ್ನೆಗಳು. ಶುಗರ್ ಇರುವವರು ಅದಕ್ಕೆ "ಹೌದು" ಎಂದಾಗ ಆ ಹೌದು ಪಾದ ಪರೀಕ್ಷೆಗೆ ದಾರಿಯಾಗಬೇಕು, ಕಾಗದದಲ್ಲೇ ಉಳಿಯಬಾರದು. ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬುದಕ್ಕೂ ಲೆಕ್ಕವಿದೆ. ಸ್ಪರ್ಶ, ರಕ್ತ ಸಂಚಾರ ಎರಡೂ ಸರಿಯಿದ್ದರೆ ವರ್ಷಕ್ಕೊಮ್ಮೆ. ಎರಡರಲ್ಲಿ ಒಂದು ಕೆಟ್ಟಿದ್ದರೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ. ಎರಡೂ ಕೆಟ್ಟಿದ್ದರೆ, ಅಥವಾ ಒಂದು ಕೆಟ್ಟು ಪಾದದ ಆಕಾರವೂ ಬದಲಾಗಿದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ. ಎರಡರಲ್ಲಿ ಒಂದಾದರೂ ಕೆಟ್ಟು, ಹಿಂದೆ ಹುಣ್ಣೂ ಆಗಿದ್ದವರನ್ನು, ಬೆರಳು ತೆಗೆಸಿಕೊಂಡವರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ. ಮಾತ್ರೆಗೆ ಹೇಗೂ ತಿಂಗಳು ತಿಂಗಳು ಬರುತ್ತಾರೆ, ಪಾದಕ್ಕೆಂದು ಬೇರೆ ದಿನ ಕರೆಯಬೇಕಾಗಿಲ್ಲ. ತೋಟದವರಿಗೆ ಅದೂ ಕಷ್ಟವೆಂದಾದರೆ ಮಡಿಕೇರಿಯ ಶುಕ್ರವಾರದ ಸಂತೆ, ಗೋಣಿಕೊಪ್ಪದ ಭಾನುವಾರದ ಸಂತೆಯಲ್ಲಿ ಒಂದು ಮೇಜು ಹಾಕಿಸಿ, ಜನ ಅಲ್ಲಿಗೆ ಬಂದೇ ಬರುತ್ತಾರೆ. ಕರಪತ್ರಕ್ಕಿಂತ ಚಿತ್ರದ ಹಾಳೆ ಮಾಡಿಸಿ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಎಷ್ಟೋ ಮಂದಿಗೆ ಕನ್ನಡ ಓದಲು ಬಾರದು, ಅಸ್ಸಾಮಿನಿಂದ ಬಂದವರಿಗಂತೂ ಮಾತೂ ಹೊಸದು.

ಈಗ ಮನೆಯವರಿಗೆ ನಾಲ್ಕು ಮಾತು.

ರಾತ್ರಿ ಊಟಕ್ಕೆ ಮುಂಚೆ ದಿನಾ ಎರಡು ನಿಮಿಷ ಪಾದ ನೋಡಿ. ಬಗ್ಗಲಾಗದವರು ಕನ್ನಡಿಯನ್ನು ಗೋಡೆಗೊರಗಿಸಿ ನೆಲದ ಮೇಲಿಟ್ಟು ಅದರ ಮುಂದೆ ಕಾಲು ಎತ್ತಿ ಹಿಡಿಯಲಿ, ಇಲ್ಲವೇ ಮೊಮ್ಮಕ್ಕಳ ಕೈಯಲ್ಲಿ ಮೊಬೈಲ್‌ನಿಂದ ಅಂಗಾಲಿನ ಫೋಟೋ ತೆಗೆಸಲಿ. ಫೋಟೋದಿಂದ ಇನ್ನೊಂದು ಲಾಭ, ನಿನ್ನೆಯದಕ್ಕೂ ಇವತ್ತಿನದಕ್ಕೂ ಹೋಲಿಸಬಹುದು. ಶುಗರ್‌ನಿಂದ ಕಣ್ಣು ಮಂಜಾದವರು ತಾವೇ ನೋಡಿಕೊಂಡರೆ ಸಾಲದು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸಂದು ನೋಡಬೇಕು, ಹೆಚ್ಚಿನವರು ಬಿಡುವುದು ಅದನ್ನೇ.

ತೊಳೆಯುವ ನೀರು ಉಗುರು ಬೆಚ್ಚಗಿದ್ದರೆ ಸಾಕು, 37 ಡಿಗ್ರಿ ದಾಟಬಾರದು. ನಮ್ಮ ಬಚ್ಚಲ ಹಂಡೆಯ ನೀರು ಕುದಿಯುತ್ತಿರುತ್ತದೆ, ಸ್ಪರ್ಶವಿಲ್ಲದ ಕಾಲು ಅದನ್ನು ಹೇಳುವುದಿಲ್ಲ. ಮನೆಯಲ್ಲಿ ಶುಗರ್ ಇಲ್ಲದವರು ಮೊಣಕೈ ಅದ್ದಿ ನೋಡಿ ಕೊಡಲಿ. ಕಾಲು ನೆನೆಸಿ ಕೂರುವುದು ಬೇಡ, ಚರ್ಮ ಮೆತ್ತಗಾಗಿ ಬಿರಿಯುತ್ತದೆ. ತೊಳೆದ ಮೇಲೆ ಸಂದುಗಳನ್ನು ಒತ್ತಿ ಒಣಗಿಸಿ. ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಅಂಗಾಲಿಗೆ, ಹಿಮ್ಮಡಿಗೆ ಹಚ್ಚಿ, ಸಂದಿಗೆ ಮಾತ್ರ ಬೇಡ. ಸಂದು ಬೆಳ್ಳಗಾಗಿ ತುರಿಕೆ ಇದ್ದರೆ ಅದು ಬೂಷ್ಟು, ಅದಕ್ಕೆ ವೈದ್ಯರು ಕೊಡುವ ಮುಲಾಮೇ ಬೇರೆ.

ಚಳಿಗೆ ಒಲೆಯ ಮುಂದೆ ಕಾಲು ಚಾಚಿ ಕೂರುವ ಅಭ್ಯಾಸ ಬಿಡಬೇಕು. ಬಿಸಿನೀರಿನ ಚೀಲವೂ ಬೇಡ. ಬೆಳಿಗ್ಗೆ ಎದ್ದಾಗ ಅಂಗಾಲಲ್ಲಿ ನೀರು ತುಂಬಿದ ಬೊಬ್ಬೆ ಕಂಡು "ಏನೋ ಕಚ್ಚಿರಬೇಕು" ಎನ್ನುವವರಲ್ಲಿ ಹಲವರದು ಸುಟ್ಟ ಗಾಯ. ಚಳಿಯಾದರೆ ದಪ್ಪ ಹತ್ತಿಯ ಸಾಕ್ಸ್ ಹಾಕಿ, ಬಿಳಿಯದಾದರೆ ಇನ್ನೂ ಒಳ್ಳೆಯದು, ರಕ್ತವೋ ಕೀವೋ ಒಸರಿದರೆ ಕಣ್ಣಿಗೆ ಬೀಳುತ್ತದೆ.

ಮನೆಯೊಳಗೂ ಬರಿಗಾಲು ಬೇಡ. ಇದನ್ನು ಹೇಳಿದಾಗಲೆಲ್ಲ ಮಡಿಯ ಮಾತು ಬರುತ್ತದೆ. ಹೊರಗೆ ಎಂದೂ ಹೋಗದ, ಮನೆಯೊಳಗಷ್ಟೇ ಮೆಟ್ಟುವ ಒಂದು ಜೊತೆ ಬೇರೆ ಇಟ್ಟುಕೊಂಡರೆ ಆ ಜಗಳ ಅಲ್ಲಿಗೇ ಮುಗಿಯುತ್ತದೆ. ದೇವಸ್ಥಾನಕ್ಕೆ ಬೆಳಗಿನ ಹೊತ್ತೇ ಹೋಗಿ, ಮಧ್ಯಾಹ್ನದ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಬೇಡ. ಆಡಳಿತ ಮಂಡಳಿಯವರು ಬಿಸಿಲಿನ ದಿನಗಳಲ್ಲಿ ಪ್ರದಕ್ಷಿಣೆಯ ದಾರಿಗೆ ತೆಂಗಿನ ನಾರಿನ ಚಾಪೆ ಹಾಸಿದರೆ ಎಷ್ಟೋ ಪಾದ ಉಳಿಯುತ್ತವೆ. ಕಾಫಿ ಒಣಗಿಸುವ ಸಿಮೆಂಟಿನ ಕಣದಲ್ಲಿ ಜನವರಿ, ಫೆಬ್ರವರಿಯ ಬಿಸಿಲಿಗೆ ಬರಿಗಾಲಲ್ಲಿ ಹರಡುವವರಿಗೂ ಇದೇ ಮಾತು.

ಉಗುರನ್ನು ನೇರಕ್ಕೆ ಕತ್ತರಿಸಿ, ಮೂಲೆ ಅಗೆಯಬೇಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ, ಅಂಗಡಿಯ ಆಣಿ ಪಟ್ಟಿ ಅಂಟಿಸಬೇಡಿ. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲಕ್ಕೆ ಆಣಿಯೂ ಒಂದೇ, ಪಕ್ಕದ ಒಳ್ಳೆಯ ಚರ್ಮವೂ ಒಂದೇ.

ಜಿಗಣೆಯ ವಿಷಯ ಬೇರೆ ಊರಿನ ಸಲಹೆಪಟ್ಟಿಗಳಲ್ಲಿ ಇರುವುದಿಲ್ಲ, ಇಲ್ಲಿ ಹೇಳಲೇಬೇಕು. ನಾವೆಲ್ಲ ಸುಣ್ಣ, ಹೊಗೆಸೊಪ್ಪು ಅರೆದು ಕಾಲಿಗೆ ಬಳಿದುಕೊಳ್ಳುವವರೇ. ಸ್ಪರ್ಶವಿರುವ ಕಾಲಿಗೆ ಸುಣ್ಣ ಹೆಚ್ಚಾದರೆ ಉರಿ ಎಚ್ಚರಿಸುತ್ತದೆ. ಸ್ಪರ್ಶವಿಲ್ಲದ ಕಾಲಿನಲ್ಲಿ ಸುಣ್ಣ ಗಂಬೂಟಿನೊಳಗೆ ಬೆವರಿನ ಜೊತೆ ಸೇರಿ ಸಂಜೆಯವರೆಗೂ ಚರ್ಮ ತಿನ್ನುತ್ತಲೇ ಇರುತ್ತದೆ. ಆದ್ದರಿಂದ ಶುಗರ್ ಇರುವವರು ಬಳಿಯುವುದಾದರೆ ಬೂಟಿನ ಹೊರಮೈಗೆ ಬಳಿಯಲಿ. ಕಚ್ಚಿದ ಜಿಗಣೆಯನ್ನು ಕಿತ್ತೆಳೆಯಬೇಡಿ, ಉಗುರನ್ನು ಚರ್ಮಕ್ಕೆ ಒತ್ತಿ ಹಿಡಿದು ಅದರ ಬಾಯಿಯ ಬದಿಗೆ ಸರಿಸಿದರೆ ಬಿಡುತ್ತದೆ. ಅದರ ಜೊಲ್ಲಿನಿಂದ ರಕ್ತ ಹೆಪ್ಪುಗಟ್ಟದೆ ಗಂಟೆಗಟ್ಟಲೆ ಒಸರಬಹುದು, ಗಾಬರಿ ಬೇಡ. ಸೋಪು ನೀರಲ್ಲಿ ತೊಳೆದು ಶುದ್ಧ ಬಟ್ಟೆ ಒತ್ತಿ ಕಟ್ಟಿ. ಮೂರು ದಿನ ಆ ಜಾಗದ ಮೇಲೆ ಕಣ್ಣಿರಲಿ, ಜಿಗಣೆಯ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾದಿಂದ ಗಾಯ ಕೀವಾಗುವುದುಂಟು.

ತೋಟದ ಮಾಲೀಕರೇ, ಈ ಭಾಗ ನಿಮಗೆ. 1951ರ ತೋಟ ಕಾರ್ಮಿಕರ ಕಾಯ್ದೆ ಮಳೆ, ಚಳಿಯಿಂದ ರಕ್ಷಣೆಗೆ ಛತ್ರಿ, ಕಂಬಳಿ, ರೇನ್‌ಕೋಟ್‌ಗಳನ್ನು ಹೆಸರಿಸಿತ್ತು. ಪಾದರಕ್ಷೆಯ ಹೆಸರು ಎತ್ತಿರಲಿಲ್ಲ. ಗಂಬೂಟು ಕೊಡುವ ತೋಟಗಳಲ್ಲೂ ಅಳತೆ ಕೇಳುವುದು ಅಪರೂಪ, ಬಂದ ಮೂಟೆಯಿಂದ ಸಿಕ್ಕಿದ್ದನ್ನು ಹಾಕಿಕೊಳ್ಳುತ್ತಾರೆ. ಅಳತೆ ನೋಡುವುದು ಸುಲಭ. ಸಂಜೆ ಹೊತ್ತು, ಕಾಲು ಊದಿಕೊಂಡಿರುವಾಗ, ಹಾಳೆಯ ಮೇಲೆ ನಿಲ್ಲಿಸಿ ಪಾದದ ಸುತ್ತ ಗೆರೆ ಎಳೆದು ಕತ್ತರಿಸಿ. ಆ ಹಾಳೆಯನ್ನು ಬೂಟಿನೊಳಗೆ ಇಳಿಸಿದಾಗ ಅಂಚು ಮಡಚಿಕೊಂಡರೆ ಬೂಟು ಬಿಗಿ. ಉದ್ದನೆಯ ಬೆರಳಿನ ಮುಂದೆ ಒಂದರಿಂದ ಎರಡು ಸೆಂಟಿಮೀಟರ್ ಜಾಗ ಉಳಿಯಬೇಕು. ಅದಕ್ಕಿಂತ ಹೆಚ್ಚಾದರೆ ಕಾಲು ಒಳಗೆ ಜಾರಿ ಹಿಮ್ಮಡಿ ಉಜ್ಜುತ್ತದೆ. ಹಾಕುವ ಮುನ್ನ ಬೂಟನ್ನು ತಲೆಕೆಳಗೆ ಮಾಡಿ ಕೊಡವಿ, ಆಮೇಲೆ ಕೈ ಹಾಕಿ ತಡವಬೇಕು. ಕೊಡವಿದರೆ ಕಾಫಿ ಬೀಜ, ಕಲ್ಲು ಬೀಳುತ್ತದೆ, ಅಡಿಯಿಂದ ಒಳನುಗ್ಗಿದ ಮುಳ್ಳಿನ ತುದಿ ಬೀಳುವುದಿಲ್ಲ. ಅದು ಕೈಗೇ ಸಿಗಬೇಕು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಬೂಟನ್ನೂ ಬಿಚ್ಚಿ, ಒಣ ಸಾಕ್ಸ್ ಬದಲಿಸಲು ಹತ್ತು ನಿಮಿಷ ಬಿಡುವು ಕೊಡಿ. ಶುಗರ್ ಇರುವವರಿಗೆ ಎರಡು ಜೊತೆ ಬೂಟು ಕೊಟ್ಟರೆ ಒಂದು ದಿನ ಬಿಟ್ಟು ಒಂದು ದಿನ ಹಾಕಬಹುದು, ಬಿಟ್ಟದ್ದರೊಳಗೆ ಹಳೆ ಪತ್ರಿಕೆ ತುರುಕಿದರೆ ಮಳೆಗಾಲದಲ್ಲೂ ಒಣಗುತ್ತದೆ. ಒಲೆಯ ಪಕ್ಕ ಇಟ್ಟರೆ ರಬ್ಬರು ಬಿರಿಯುತ್ತದೆ.

ಉಳಿದ ಹೊತ್ತಿಗೆ ಎಂಸಿಆರ್ ಚಪ್ಪಲಿ ಬೇಕು. ಎಂಸಿಆರ್ ಎಂದರೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆಯ ರಬ್ಬರು, ಬೆರಳಿನಿಂದ ಒತ್ತಿದರೆ ಇಳಿದು ಮತ್ತೆ ಏಳುತ್ತದೆ. ಪಾದದ ಅಡಿಗೆ ಇದು, ಅದರ ಕೆಳಗೆ ಮೊಳೆ, ಮುಳ್ಳು ತೂರದ ಗಟ್ಟಿ ಅಟ್ಟೆ. ಹೆಬ್ಬೆರಳ ಉಂಗುಷ್ಟ ಇರಬಾರದು, ಸಂದು ಕೊಯ್ಯುತ್ತದೆ. ಹಿಮ್ಮಡಿಯ ಹಿಂದೆ ಪಟ್ಟಿ ಇರಲೇಬೇಕು, ಸ್ಪರ್ಶವಿಲ್ಲದ ಕಾಲಿನಿಂದ ಚಪ್ಪಲಿ ಜಾರಿ ಹೋದದ್ದು ಗೊತ್ತೇ ಆಗುವುದಿಲ್ಲ. ಮೊಳೆ ಹೊಡೆಯದೆ ಅಂಟು, ಹೊಲಿಗೆಯಿಂದಲೇ ಮಾಡಬೇಕು. ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಸರ್ಕಾರ ಇದನ್ನು ಉಚಿತವಾಗಿ ಕೊಡುತ್ತಾ ಬಂದಿದೆ. ನೋವಿಲ್ಲದ ಪಾದ ಒತ್ತಡದಿಂದ ಹುಣ್ಣಾಗುತ್ತದೆ, ಕಾಯಿಲೆ ಪಾದವನ್ನು ನೇರವಾಗಿ ತಿನ್ನುವುದಲ್ಲ ಎಂದು ಡಾ. ಪಾಲ್ ಬ್ರಾಂಡ್ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡುತ್ತಾ ತೋರಿಸಿದ್ದರು. ಸ್ಪರ್ಶ ಹೋದದ್ದು ಯಾವ ಕಾಯಿಲೆಯಿಂದ ಎಂದು ಪಾದ ಕೇಳುವುದಿಲ್ಲ. ಒಂದೇ ಇಲಾಖೆಯ ಇನ್ನೊಂದು ಕಾರ್ಯಕ್ರಮದವರಿಗೆ ಇದನ್ನು ವಿಸ್ತರಿಸುವಂತೆ ನೀವು ಸರ್ಕಾರಕ್ಕೆ ಬರೆಯಬೇಕು. ಜೊತೆಗೆ ಒಂದು ಸಣ್ಣ ಮಾತು: ಬಣ್ಣ, ಪಟ್ಟಿಯ ವಿನ್ಯಾಸ ಬದಲಿಸಿ ಮಾಡಿಸಿ. "ಅದು ಆ ಕಾಯಿಲೆಯವರ ಚಪ್ಪಲಿ" ಎಂದು ಗುರುತಾದರೆ ಮನೆಗೆ ತಂದು ಅಟ್ಟಕ್ಕೆ ಎಸೆಯುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ.

ಗಾಯವಾದರೆ ಏನು ಮಾಡಬೇಕು? ಕುಡಿಯುವ ನೀರು, ಸೋಪಿನಿಂದ ತೊಳೆದು, ಶುದ್ಧ ಗಾಜ್ ಇಟ್ಟು ಕಟ್ಟಿ, ಅದೇ ದಿನ ಅಥವಾ ಮರುದಿನ ತೋರಿಸಿ. ಅರಿಸಿನ, ಕಾಫಿ ಪುಡಿ, ಬೂದಿ, ಟೂತ್‌ಪೇಸ್ಟ್ ಬೇಡ, ಸ್ಪಿರಿಟ್ಟೂ ಬೇಡ. ಇದಕ್ಕಿಂತ ಮುಖ್ಯ, ಆ ಕಾಲಿನ ಮೇಲೆ ಭಾರ ಬಿಡಬೇಡಿ. ದಿನಾ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ಎರಡು ಮೈಲಿ ನಡೆದು ಬರುವವರ ಗಾಯ ಮಾಯುವುದಿಲ್ಲ, ಡ್ರೆಸ್ಸಿಂಗ್‌ನಿಂದ ಬಂದ ಲಾಭವನ್ನು ನಡಿಗೆ ತಿಂದುಹಾಕುತ್ತದೆ. ಗಾಯದ ಸುತ್ತ ಕೆಂಪು ಹರಡಿದರೆ, ವಾಸನೆ ಬಂದರೆ, ಬೆರಳು ಕಪ್ಪಾದರೆ, ಜ್ವರ ಬಂದರೆ ಆ ಕ್ಷಣ ಹೊರಡಿ. ಜ್ವರ ಬರದೆಯೂ ಒಳಗೆ ಕೀವು ತುಂಬಿರಬಹುದು. ಮಾತ್ರೆ, ಊಟ ಎಲ್ಲ ಎಂದಿನಂತಿದ್ದು ಸಕ್ಕರೆ ಮಾತ್ರ ಏಕಾಏಕಿ ಏರಿದ್ದರೆ ಸಾಕ್ಸ್ ಬಿಚ್ಚಿ ನೋಡಿ.

ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಊದಿ, ಕೆಂಪಾಗಿ, ಕೈಗೆ ಬಿಸಿ ತಾಗುತ್ತಿದ್ದರೆ ಅದನ್ನು ಉಳುಕು ಎಂದು ತಿಕ್ಕಿಸಬೇಡಿ. ಶಾರ್ಕೋ ಪಾದ ಎಂಬ ಸ್ಥಿತಿ ಹೀಗೆಯೇ ಶುರುವಾಗುತ್ತದೆ. ಒಳಗೆ ಸಣ್ಣ ಮೂಳೆಗಳು ಮುರಿದು ಕೀಲು ಜಾರುತ್ತಿರುತ್ತವೆ, ನೋವು ಕಡಿಮೆ ಇರುವುದರಿಂದ ನಡೆಯುತ್ತಲೇ ಇರುತ್ತಾರೆ. ಮೊದಲ ದಿನಗಳಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಎಕ್ಸ್‌ರೇ ಸರಿಯಿದೆ ಎಂದು ಮನೆಗೆ ಕಳಿಸಿದರೆ ಕೆಲವೇ ವಾರಗಳಲ್ಲಿ ಪಾದದ ಕಮಾನು ಕುಸಿದು ಅಡಿ ದೋಣಿಯಂತಾಗುತ್ತದೆ. ಎರಡು ಪಾದಗಳ ಒಂದೇ ಜಾಗದ ಬಿಸಿಯಲ್ಲಿ 2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ನಡಿಗೆ ನಿಲ್ಲಿಸಿ, ಅದೇ ದಿನ ಮೂಳೆ ವೈದ್ಯರಿಗೆ ತೋರಿಸಬೇಕು. ಈ ಒಂದು ವಿಷಯವನ್ನು ನಿಮ್ಮ ಸಿಬ್ಬಂದಿಗೆ ಪ್ರತ್ಯೇಕವಾಗಿ ಹೇಳಿಕೊಡಿ ಎಂದು ಕೇಳಿಕೊಳ್ಳುತ್ತೇವೆ, ಅತಿ ಹೆಚ್ಚು ತಪ್ಪುವುದು ಇಲ್ಲಿಯೇ.

ಹೊಸ ಗಾಯದ ಶುಗರ್ ಕಾಲು ಯಾವ ಕೇಂದ್ರಕ್ಕೆ ಬಂದರೂ ಒಂದು ಕೆಲಸದ ದಿನದೊಳಗೆ ಮಡಿಕೇರಿಯ ಬೋಧಕ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗ ತಲುಪುವಂತೆ ಲಿಖಿತ ಆದೇಶವಿರಲಿ. ಚೀಟಿಯಲ್ಲಿ ಸ್ಪರ್ಶ ಇದೆಯೇ, ಪಾದದ ಎರಡು ನಾಡಿ ಸಿಗುತ್ತವೆಯೇ, ಗಾಯ ಎಷ್ಟು ಅಗಲ ಎಂದು ಮೂರು ಸಾಲು ಬರೆದಿದ್ದರೆ ಅಲ್ಲಿಯವರಿಗೆ ಅರ್ಧ ಕೆಲಸ ಮುಗಿದಂತೆ.

ತರಬೇತಿಗೆ ಅರ್ಧ ದಿನ ಸಾಕು. ಪ್ರತಿ ತಾಲ್ಲೂಕಿನಿಂದ ಶುಶ್ರೂಷಾಧಿಕಾರಿಗಳನ್ನೂ ಆಶಾ ಮೇಲ್ವಿಚಾರಕರನ್ನೂ ಏಪ್ರಿಲ್ ಕೊನೆಯ ವಾರ ಕರೆಯಿಸಿ, ನಾವು ಬಂದು ಕಲಿಸುತ್ತೇವೆ, ನೈಲಾನ್ ಎಳೆಗಳನ್ನೂ ತರುತ್ತೇವೆ. ಒಂದು ಸ್ಟೂಲು, ಒಂದು ಟವೆಲು, ಒಳ್ಳೆಯ ಬೆಳಕಿರುವ ಕಿಟಕಿ ಪಕ್ಕದ ಜಾಗ ಮಾತ್ರ ನಿಮ್ಮ ಕಡೆಯಿಂದ ಇರಲಿ.

ಇಂತಿ ತಮ್ಮ ವಿಶ್ವಾಸಿಗಳು,
ಕೊಡಗಿನಲ್ಲಿ ಸಕ್ಕರೆ ಕಾಯಿಲೆಯವರ ಪಾದ ಆರೈಕೆಯಲ್ಲಿ ತೊಡಗಿರುವವರು